ದಿಗಮ್ಮ, ಕೊಪ್ಪ, ಸಂಪಿ

ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಪ್ರೆಸ್ಸು.
ಹಿಟ್ಟಿನ ಗಿರಣಿಗೂ ನಮಗೂ ನಡುವೆ ಒಂದೇ ಗೋಡೆ,
ಅಲ್ಲಿ ರಾಗಿ ಬೀಸಿದರೆ ಇಲ್ಲಿ ಅಚ್ಚಿನ ಮೊಳೆ ನಡುಗುತ್ತಿತ್ತು.

ಫಾದರ್ ಚೌರಪ್ಪನವರು ಸೈಕಲ್ಲು ಒರಗಿಸಿ ಒಳಬಂದು
ನಲವತ್ತು ಪುಟದ ಹಸ್ತಪ್ರತಿ ಕಲ್ಲಿನ ಮೇಲಿಟ್ಟರು.
'ವೀರಾಚಾರ್ರೇ, ಸೆಮಿನರಿ ಹುಡುಗರಿಗೆ ಗ್ರೀಕು.
ಮದರಾಸಿನಿಂದ ಮೊಳೆ ತರಿಸಿದ್ದೀನಿ, ಯೋಚನೆ ಇಲ್ಲ.
ಹನ್ನೊಂದನೇ ಪುಟ ಮಾತ್ರ ನೋಡಿಕೊಂಡು ಕಟ್ಟಿ.'

ಹನ್ನೊಂದನೇ ಪುಟದಲ್ಲಿ ಅಂಕಿ.
ಅಂಕಿ ಅಂದರೆ ಬೇರೆ ಅಂಕಿಯಲ್ಲ, ಅಕ್ಷರವೇ.
ಆಲ್ಫಾ ಒಂದು, ಬೀಟಾ ಎರಡು.
ತಲೆಯ ಬಲಕ್ಕೊಂದು ಗೀರು ಬಿದ್ದರೆ ಅದು ಎಣಿಕೆ,
ಕಾಲಿನ ಎಡಕ್ಕೆ ಬಿದ್ದರೆ ಸಾವಿರ.
ಸೊನ್ನೆ ಇಲ್ಲ.
ಸೊನ್ನೆ ಇಲ್ಲದೆ ಸಾಲ ಹೇಗೆ ಬರೆದರೋ,
ತೀರಿದ ದಿನ ಆ ಜಾಗದಲ್ಲಿ ಏನು ಬರೆದರೋ.

ದಾವೂದ್ ಶಾಯಿ ಉಜ್ಜುತ್ತ ಪಕ್ಕದ ಪುಟ ಓದಿಸಿಕೊಂಡ:
ಪೆಂಟೆ, ಹೆಕ್ಸ್, ಹೆಪ್ಟಾ, ಒಕ್ಟೋ... ಡೆಕಾ.
'ಪಂಚ, ಸಪ್ತ, ಅಷ್ಟ, ದಶ, ಕೇಳಿಸಲ್ವೆ?' ಫಾದರ್ ಹಿಗ್ಗಿದರು.
ಕೇಳಿಸಿತು. ಪಂಚಾಂಗದ ಮನೆಗೆ ಹತ್ತಿರದ ನೆಂಟರು.
ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಎಣಿಸುವ
ನಮ್ಮ ಒಂದು ಎರಡು ಮೂರಕ್ಕೆ
ದಾರಿಯಲ್ಲಿ ಎದುರಾದರೂ ಗುರುತು ಹತ್ತಲಿಕ್ಕಿಲ್ಲ.
ಹತ್ತು ಸಾವಿರಕ್ಕೆ ಮ್ಯೂರಿಯೋಯ್ ಅಂತಂತೆ.
'ಹೊಲದಾಚೆಯಿಂದ ಯಾರನ್ನೋ ಕೂಗಿದಂಗದೆ' ಅಂದ ದಾವೂದ್.
ವಾರವೆಲ್ಲ ಗಿರಣಿಯವನನ್ನು ಹಾಗೇ ಕರೆದ.

ಮೂರು ಅಕ್ಷರಕ್ಕೆ ಮದರಾಸಿನ ಪೊಟ್ಟಣದಲ್ಲೂ ಮೊಳೆ ಇರಲಿಲ್ಲ.
'ಇವು ಸತ್ತ ಅಕ್ಷರ' ಅಂದರು ಫಾದರ್.
'ಮಾತು ಕೈಬಿಟ್ಟಿತು, ಲೆಕ್ಕ ಬಿಡಲಿಲ್ಲ.
ಆರಕ್ಕೆ ದಿಗಮ್ಮ, ತೊಂಬತ್ತಕ್ಕೆ ಕೊಪ್ಪ, ಒಂಬೈನೂರಕ್ಕೆ ಸಂಪಿ.'

ದಿಗಮ್ಮ!
ಬೇವಿನ ಬುಡದಲ್ಲಿ ಅರಿಸಿನ ಬಳಿದುಕೊಂಡು ಕೂತು
ವರ್ಷಕ್ಕೊಂದು ಕೋಳಿ ಕೇಳುವವಳ ಹಾಗೆ.
ಕೊಪ್ಪ ಮದ್ದೂರಿನಾಚೆ, ನನ್ನ ಅತ್ತಿಗೆಯ ತವರು,
ಕಬ್ಬಿನ ಗಾಡಿ ಅಡ್ಡ ನಿಂತರೆ ಬಸ್ಸು ಅರ್ಧ ಗಂಟೆ ತಡ.
ಸಂಪಿಯನ್ನು ಕರೆದರೆ
ಬಾಗಿಲ ಸಂದಿಯಿಂದ ಇಣುಕಿ, 'ಅವ್ವ ಇಲ್ಲ' ಅನ್ನುತ್ತಾಳೆ.
ಇಷ್ಟು ಕನ್ನಡದ ಹೆಣಗಳನ್ನು ನಾನು ನೋಡಿಯೇ ಇರಲಿಲ್ಲ.

ರಾತ್ರಿ ಅರ ಹಿಡಿದು ಕೂತೆ.
ಒಂದು ಕೊಕ್ಕೆ, ಒಂದು ಮಿಂಚಿನ ಗೀರು, ಒಂದು ಬಾಗಿದ ಬೆನ್ನು.
ಯಾವ ಮೊಳೆ ಉಜ್ಜಿದರೆ ಯಾವುದಾದೀತು?
ಮೇಲಿನ ಕೇಸಿನ ಎಡಮೂಲೆಯಲ್ಲಿ ಜೇಡ ಕಟ್ಟಿದ ಎರಡು ಮನೆ:
ಱ
ೞ
ಅಪ್ಪ ಶಾಸನಗಳ ಪುಸ್ತಕ ಜೋಡಿಸಿದ ಕಾಲದವು,
ಆಮೇಲೆ ಯಾರ ಕೈಯೂ ಅತ್ತ ಹೋಗಿರಲಿಲ್ಲ.
ಅವನೇ ಹೇಳಿಕೊಟ್ಟಿದ್ದ,
ಮೂರು ಮೊದಲು ಮೂಱು, ಆರು ಆಱು, ನೂರು ನೂಱು.
ಏೞು ಅನ್ನಲು ನಾಲಗೆಯನ್ನು ಇನ್ನೂ ಒಳಗೆ ಮಡಚಬೇಕಿತ್ತು,
ಅವನಿಗೂ ಸರಿಯಾಗಿ ಬರುತ್ತಿರಲಿಲ್ಲ.

ಅಲ್ಲಿ ಸತ್ತವರನ್ನು ಲೆಕ್ಕ ಹೆಗಲ ಮೇಲೆ ಹೊತ್ತು ತಿರುಗಿತು.
ಇಲ್ಲಿ ಇವರು ಲೆಕ್ಕದೊಳಗಿಂದಲೇ ಎದ್ದು ಹೋದರು,
ಆರು ಆರೇ ಆಗಿ ಉಳಿಯಿತು,
ತಟ್ಟೆಯಲ್ಲಿ ಒಂದು ರೊಟ್ಟಿಯೂ ಕಡಿಮೆ ಬೀಳಲಿಲ್ಲ.

ಆ ಎರಡು ಮನೆಗೆ ಕೈ ಹಾಕಲು ಮನಸ್ಸಾಗಲಿಲ್ಲ.
ಮುರಿದ ದೀರ್ಘವೊಂದು, ಆಶ್ಚರ್ಯದ ಗುರುತು ಎರಡು,
ಅವನ್ನೇ ಉಜ್ಜಿದೆ, ಉಜ್ಜಿದೆ.
ಬೆಳಗಿನ ಜಾವಕ್ಕೆ ದಿಗಮ್ಮ ಎದ್ದು ನಿಂತಳು,
ಸ್ವಲ್ಪ ಸೊಟ್ಟ.

ಬಿಲ್ಲೂ ನಾನೇ ಕಟ್ಟಿದೆ: 'ಪುಟಕ್ಕೆ ಆಱು ರೂಪಾಯಿ.'
ಮಾಲೀಕರು ಕನ್ನಡಕ ಮೇಲೆತ್ತಿ, ಪೆನ್ಸಿಲಿನಲ್ಲಿ ಸುತ್ತು ಹಾಕಿ,
'ಇಷ್ಟು ವರ್ಷವಾದ ಮೇಲೆ ಇಂಥಾ ತಪ್ಪೇನಯ್ಯ' ಅಂದರು.
ಫಾದರ್ ಏನೂ ಅನ್ನಲಿಲ್ಲ.
ನಿಲುವಂಗಿಯ ಒಳಗಿಂದ ಹತ್ತರ ನೋಟು ತೆಗೆದು
ಬೆರಳು ಒದ್ದೆ ಮಾಡಿಕೊಂಡು ಎಣಿಸಿದರು,
ನಾಕು, ಐದು,
ಮುಂದಿನದಕ್ಕೆ ಬಂದಾಗ ಅವರ ನಾಲಗೆ
ಒಮ್ಮೆ ಗಟ್ಟಿಯಾಗಿ ಅಂಗುಳಕ್ಕೆ ಬಡಿಯಿತು.